ಜಯಮ್ಮನ ಅಲಾರಂ

ನಮ್ಮ ಹಾಲಿನ ಕಂಪನಿ ಕೊಟ್ಟ ಫೋನು ನಮ್ಮ ಮಾತು ಕೇಳಲ್ಲ, ಬೆಂಗಳೂರಿನ ಸರ್ವರ್ ಹೇಳಿದಂಗೆ ಕೇಳ್ತೈತೆ. ಹಳೇಬೀಡಿನ ಹತ್ರ ನಮ್ಮೂರಲ್ಲಿ ಹಾಲು ಅಳೀತಿದ್ದವಳು ನನ್ನ ಹೆಂಡ್ತಿ ಜಯಮ್ಮ. ಅವಳು ತೀರಿಹೋದಮೇಲೆ ಅವಳ ಕೆಲಸ, ಅವಳ ಫೋನು ಎರಡೂ ನನ್ನ ಕೈಗೆ ಬಂದವು. ಅಲಾರಂನಲ್ಲೂ ನನ್ನ ಎಬ್ಬಿಸೋಕೆ ಅವಳೇ ರೆಕಾರ್ಡ್ ಮಾಡಿಟ್ಟ ದನಿ: "ಏಳ್ರೀ! ಹಸು ಎದ್ದೈತೆ, ನೀವಿನ್ನೂ ಮಲಗಿದ್ದೀರ!"

ಒಂದಿನ ಸರ್ವರ್ ನೋಡ್ಕೊಳ್ಳೋ ಹುಡುಗಿ ಫೋನ್ ಮಾಡಿದಳು.

"ಸಾರ್, ಹಳೇ ಕೋಡೆಲ್ಲ ಸರಿಮಾಡಿ ಜೋಡಿಸ್ತಿದೀವಿ. ಈ ಫೋನ್ ಜಯಮ್ಮ ಅನ್ನೋರ ಹೆಸರಲ್ಲಿದೆ. ಅವರು ಈಗಿಲ್ವಲ್ಲ, ಹೆಸರು ತೆಗೀಬೇಕು. ತೆಗೆದ್ರೆ ಫೋನಲ್ಲಿರೋದೆಲ್ಲ ಅಳಿಸಿಹೋಗುತ್ತೆ."

"ಅಲಾರಮ್ಮೂ ಹೋಗ್ತೈತಾ ತಾಯಿ?"

"ಹೌದು ಸಾರ್."

ನಾನು ಅಲಾರಂ ಒತ್ತಿ ಕೇಳಿಸಿದೆ. ಹುಡುಗಿ ಕೇಳಿಸ್ಕೊಂಡಳು. ಆಮೇಲೆ, "ಅದನ್ನ ಮೊದಲು ಸರ್ವರ್‌ನಲ್ಲಿ ತೆಗೆದಿಟ್ಟು ನಿಮ್ಮ ಫೋನಿಗೆ ವಾಪಸ್ ಕಳಿಸ್ತೀನಿ ಸಾರ್" ಅಂದಳು.

ಕಳಿಸಿದಳು. ಕೋಡಿನಲ್ಲಿ ಏನು ತಪ್ಪಾಯ್ತೋ, ಕಂಪನಿಯ ಎಲ್ಲಾ ಫೋನಿಗೂ ಹೋಯ್ತು.

ಮಾರನೇ ಬೆಳಗ್ಗೆ ಹಾಲಿನ ಟೆಂಪೋ ಓಡಿಸೋ ಗೆಂಡೆಹಳ್ಳಿ ರಂಗ ಫೋನ್ ಮಾಡಿದ. "ಏನಣ್ಣಾ ಇದು! ಜಯಕ್ಕ ನನ್ನ ಏಳ್ರೀ ಅಂತವ್ರೆ. ನನ್ನ ಹೆಂಡ್ರು ಯಾರವಳು ಅಂತ ಪೊರಕೆ ಹಿಡ್ಕೊಂಡು ನಿಂತವ್ಳೆ!"

ರಂಗನ ಟೆಂಪೋ ಬಂದು ಹೋದಮೇಲೆ ಹುಡುಗಿ ಫೋನ್. "ತಪ್ಪಾಯ್ತು ಸಾರ್, ಈಗಲೇ ಸರಿಮಾಡ್ತೀನಿ. ನಿಮ್ಮ ಫೋನಲ್ಲಿ ಮಾತ್ರ ಉಳಿಯುತ್ತೆ."

"ರಂಗನದೂ ಇರ್ಲಿ ತಾಯಿ. ಅವನ ಟೆಂಪೋ ಹೊತ್ತಿಗೆ ಸರಿಯಾಗಿ ಬಂದಿದ್ದು ಇವತ್ತೇ."

ರಂಗ ಒಂದೇ ಕೂಗಿಗೆ ಎದ್ದ. ನಾನು ಅವಳಿದ್ದಾಗಲೂ ಒಂದೇ ಕೂಗಿಗೆ ಎದ್ದವನಲ್ಲ. ಈಗಲೂ ಅವಳು ಇನ್ನೊಂದ್ಸಲ ಕೂಗ್ಲಿ ಅಂತ ಕಣ್ಮುಚ್ಚಿ ಮಲಗಿರ್ತೀನಿ.