ಚುಕ್ಕಿ ಬಂಡಿಯಿಂದ ಅಪ್ಪ ಇಳಿದದ್ದು

ಸತ್ತವರು ಕಂಡರು, ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗಿ ಚಹಾಕ್ಕಿಡುವವಳು ನಾನು. ಅಂಥ ಮಾತು ಕೇಳುವ ಪುರುಸೊತ್ತೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಕೆಲ ವರ್ಷಗಳ ಹಿಂದೆ ಕೊರ್ಲಹಳ್ಳಿಯಲ್ಲಿ ಹಾಡಹಗಲೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಗುವವರು ನಗಲಿ.

ಮೊದಲು 'ಚುಕ್ಕಿ ಬಂಡಿ'ಯ ಕಥೆ ಹೇಳಬೇಕು. ಗದಗ-ಬೆಟಗೇರಿಯ ಕೇಬಲ್ಲಿನಲ್ಲಿ ಒಂದು ಕಾಲಕ್ಕೆ ಬರುತ್ತಿದ್ದ ಧಾರಾವಾಹಿ ಅದು. ಮದುವೆ ವಿಡಿಯೋ ತೆಗೆಯುತ್ತಿದ್ದ ಬಸಣ್ಣನಿಗೆ ಬಾಹ್ಯಾಕಾಶದ ಹುಚ್ಚು. ಬೆಟಗೇರಿಯ ನಮ್ಮ ಮನೆಗೆ ಬಂದು ಅಪ್ಪನ ಕುಣಿಮಗ್ಗ ನೋಡಿದವನೇ, ಇದೇ ನನ್ನ ಹಡಗು ಎಂದ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ತಗ್ಗು ಚಾಲಕನ ಸೀಟಾಯಿತು, ಕಾಲಲ್ಲಿ ಒತ್ತುವ ಮಣೆಗಳು ವೇಗ ಹೆಚ್ಚಿಸುವ ಪೆಡಲ್ಲಾದವು. ಕರಿ ಬಟ್ಟೆಗೆ ತೂತು ಹೊಡೆದು ಹಿಂದೆ ಬಲ್ಬು ಹಚ್ಚಿದರೆ ಆಕಾಶ. ತನ್ನ ಮಗ್ಗದಲ್ಲಿ ಬೇರೆಯವರನ್ನು ಕೂರಿಸಲು ಅಪ್ಪ ಒಪ್ಪಲಿಲ್ಲ, ಹಾಗಾಗಿ ಕ್ಯಾಪ್ಟನ್ನೂ ಅವನೇ ಆದ. ತಲೆಗೆ ಬೆಳ್ಳಿ ಬಣ್ಣ ಬಳಿದ ಬಕೀಟು. ಬಟ್ಟೆ ಹೊಲಿದವಳು ನಾನು, ಹಡಗಿನ ಯಂತ್ರದ ದನಿಯೂ ನನ್ನದೇ. ಜನ ನಗುತ್ತಲೇ ಬಿಡದೆ ನೋಡಿದರು. ಈಗಲೂ ಅದರ ತುಣುಕುಗಳನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವ ಹುಚ್ಚರ ಗುಂಪೊಂದಿದೆ.

ಕೊನೆಯ ಕಂತಿನಲ್ಲಿ ಕ್ಯಾಪ್ಟನ್ ಭೂಮಿಗೆ ಇಳಿಯಬೇಕಿತ್ತು. ಕೊರ್ಲಹಳ್ಳಿಯ ಹೊಳೆದಂಡೆ ಎಂದು ಜಾಗವೂ ಗೊತ್ತಾಗಿತ್ತು. ಅಷ್ಟರಲ್ಲಿ ಬಸಣ್ಣ ಹುಬ್ಬಳ್ಳಿಯ ದೊಡ್ಡ ಚಾನೆಲ್ಲಿಗೆ ಹೊರಟುಹೋದ. ನಮಗೊಂದು ಮಾತು ಹೇಳಲಿಲ್ಲ. ಫೋನ್ ಮಾಡಿದರೆ "ಮುಂದಿನ ತಿಂಗಳು ಬರ್ತೀನಿ ತಂಗಿ" ಎನ್ನುತ್ತಿದ್ದ, ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟ. ನಮ್ಮ ಮನೆಯಲ್ಲಿ ಉಂಡು, ಅಪ್ಪನನ್ನು ಬಾಯಿ ತುಂಬ ಕಾಕಾ ಎಂದವನು ಹೀಗೆ ಮಾಡಿದ.

ಅಪ್ಪ ಸೆರಗು ನೇಯದೆ ಸೀರೆಯನ್ನು ಮಗ್ಗದಿಂದ ಇಳಿಸಿದವನಲ್ಲ. ಆ ಬಕೀಟನ್ನು ಒರೆಸಿ ಒರೆಸಿ ಇಡುತ್ತಿದ್ದ. ಹಾಸಿಗೆ ಹಿಡಿದ ಮೇಲೂ ಅದೇ ಮಾತು: "ಬಸ್ಯಾ ಬಂದ್ನೇನವಾ? ನನ್ನನ್ನ ಮ್ಯಾಲೆ ಆಕಾಶದಾಗ ಬಿಟ್ಟು ಹ್ವಾದ್ನಲ್ಲ." ಹಾಗೆ ಕೇಳುತ್ತಲೇ ಒಂದು ದಿನ ತೀರಿಕೊಂಡ. ಬಸಣ್ಣನನ್ನು ನಾನು ಕ್ಷಮಿಸಲಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಕೊರ್ಲಹಳ್ಳಿಯಿಂದ ಗಂಗವ್ವ ಎಂಬಾಕೆ ಫೋನ್ ಮಾಡಿದಳು. ಆಕೆಯ ತವರು ಬೆಟಗೇರಿ. ಅವಳ ಅಣ್ಣ ಆಗ ಧಾರಾವಾಹಿಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದನಂತೆ. "ಅಕ್ಕಾರ, ನಿಮ್ಮಪ್ಪಾರು ಇಳಿಯೂದು ಐತ್ರಿ ಇದರಾಗ. ಬಂದು ನೋಡ್ರಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಬಸಣ್ಣ ಯಾರದೋ ತಲೆಗೆ ಬಕೀಟು ಹಾಕಿ, ನಮಗೆ ಗೊತ್ತಿಲ್ಲದಂತೆ ಕೊನೆಯ ಕಂತು ಮುಗಿಸಿದ್ದಾನೆ. ಅವನನ್ನೂ ಕರೆಸು, ಎದುರಿಗೇ ಕೇಳುತ್ತೇನೆ ಎಂದೆ. ಅವನೂ ಬಂದ.

ಮಧ್ಯಾಹ್ನದ ಊಟವಾದ ಮೇಲೆ ಗಂಗವ್ವನ ಪಡಸಾಲೆಯಲ್ಲಿ ಮನೆಮಂದಿ, ಓಣಿಯವರು ಎಲ್ಲ ಸೇರಿದರು. ಹಳೆಯ ವಿಸಿಆರ್ ಹಚ್ಚಿದರು. ನನಗೆ ಗೊತ್ತಿದ್ದ ಕಂತು ಮುಗಿಯಿತು. ಅಪ್ಪ ಮಗ್ಗದ ಲಾಳಿ ಹೊಡೆಯುತ್ತಾ ಕತ್ತಲೊಳಗೆ ಹೋದ. ಆಮೇಲೆ ತೆರೆಯ ತುಂಬ ಬಿಳಿ ಬಿಳಿ ಚುಕ್ಕಿ, ಸರ್ರೆನ್ನುವ ಸದ್ದು. ಮುಗಿಯಿತೆಂದು ನಾನು ಏಳಹೊರಟೆ. ಬೇರೆ ಯಾರೂ ಏಳಲಿಲ್ಲ.

"ನೋಡ್ರಿ, ಹೊಳ್ಯಾಗಿಂದ ಬಂದ್ರು" ಎಂದಳು ಗಂಗವ್ವ. ಎಲ್ಲರ ಕಣ್ಣೂ ತೆರೆಯ ಮೇಲಿತ್ತು. ಯಾರೋ ನಡೆದು ಹೋಗುವುದನ್ನು ನೋಡುವ ಹಾಗೆ ಆ ಕಣ್ಣುಗಳೆಲ್ಲ ಒಟ್ಟಿಗೆ ಎಡದಿಂದ ಬಲಕ್ಕೆ ಸರಿದವು. ಪಕ್ಕದಲ್ಲಿ ಬಸಣ್ಣ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಬರೀ ಚುಕ್ಕಿ. ಆಗ ಅಷ್ಟೂ ಜನ ಒಮ್ಮೆಲೇ ಹೊರಳಿ ನನ್ನನ್ನು ನೋಡಿದರು.

ಎಲ್ಲರೂ ಸೇರಿ ನನ್ನ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಸಣ್ಣನನ್ನು ಹಿತ್ತಲಿಗೆ ಕರೆದೊಯ್ದು, "ನಾಟಕ ಸಾಕು. ಏನ್ ಕಂಡಿ, ಹೇಳು" ಎಂದೆ.

"ಕಾಕಾ ಹೊಳ್ಯಾಗಿಂದ ಎದ್ದು ಬಂದ. ಬಕೀಟು ಕಂಕುಳಾಗಿತ್ತು. ಹಸಿರು ಸ್ವೆಟರ್ ಹಾಕ್ಕೊಂಡಿದ್ದ. ಖರೇನ ಹೇಳ್ತೀನಿ ತಂಗಿ, ಇದು ನಾ ತಗದದ್ದಲ್ಲ."

ಆ ಹಸಿರು ಸ್ವೆಟರ್ ಹೆಣೆದವಳು ನಾನು, ಅಪ್ಪನ ಕೊನೆಯ ಚಳಿಗಾಲದಲ್ಲಿ. ಬಸಣ್ಣ ಅಷ್ಟೊತ್ತಿಗೆ ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಗಂಗವ್ವನನ್ನು ಬೇರೆಯಾಗಿ ಕರೆದು ಕೇಳಿದೆ. ಅದೇ ಬಕೀಟು, ಅದೇ ಸ್ವೆಟರ್. "ಮತ್ತ ಎಲ್ಲಾರೂ ನನ್ನ ಕಡೆ ಯಾಕ ನೋಡಿದ್ರಿ?" ಎಂದೆ.

"ದಂಡಿ ಮ್ಯಾಲೆ ಕುಂತು, ನಮ್ಮ ಕಡೆ ನೋಡಿ, 'ನನ್ನ ಮಗಳು ಬಂದಿಲ್ಲೇನು?' ಅಂತ ಕೇಳಿದ್ರಲ್ರಿ. ನಿಮಗ ಕೇಳಿಸಲಿಲ್ಲೇನ್ರಿ?"

ಧಾರಾವಾಹಿಯ ಕ್ಯಾಪ್ಟನ್ನಿಗೆ ಮಗಳೇ ಇರಲಿಲ್ಲ.

ಬಸಣ್ಣ ಕೈಕೊಟ್ಟದ್ದು ನನಗೆ ಅರ್ಥವಾಗುತ್ತದೆ, ಅಂಥವರು ಎಲ್ಲ ಊರಲ್ಲೂ ಇರುತ್ತಾರೆ. ಅಪ್ಪ ಮಾಡಿದ್ದು ಅರ್ಥವಾಗುವುದಿಲ್ಲ. ತನ್ನನ್ನು ಮೇಲೆ ಆಕಾಶದಲ್ಲೇ ಬಿಟ್ಟು ಹೋದವನಿಗೆ ಕಂಡ. ಗುರುತು ಪರಿಚಯವಿಲ್ಲದ ಓಣಿಯವರಿಗೆ ಕಂಡ. ಹಾಸಿಗೆ ಪಕ್ಕ ಕೂತು ಚಮಚದಲ್ಲಿ ನೀರು ಕುಡಿಸಿದವಳಿಗೆ ಕಾಣಲಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಕ್ಯಾಸೆಟ್ ಈಗ ನನ್ನ ಹತ್ತಿರವಿದೆ. ಬೇರೆ ಯಾರಿಗೂ ತೋರಿಸುವುದಿಲ್ಲ. ಒಬ್ಬಳೇ ಇದ್ದಾಗ ಹಚ್ಚುತ್ತೇನೆ. ಲಾಳಿಯ ಸದ್ದು ನಿಂತು ಚುಕ್ಕಿ ಶುರುವಾಗುತ್ತದೆ. ಅಪ್ಪ ಯಾವ ಗಳಿಗೆಯಲ್ಲಿ ಆ ಪ್ರಶ್ನೆ ಕೇಳುತ್ತಾನೋ ನನಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಕ್ಯಾಸೆಟ್ ತುದಿ ಮುಟ್ಟಿ ತಾನಾಗಿ ನಿಲ್ಲುವವರೆಗೂ ಹೇಳುತ್ತಲೇ ಇರುತ್ತೇನೆ: "ಬಂದೀನಪಾ, ಇಲ್ಲೇ ಅದೀನಿ."