ಗಡಿಯಾರದ ಮಧ್ಯಾಹ್ನ, ನೆರಳಿನ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಮಾಳಿಗೆಗೆ ಹೋಗಿ, ಸಂಡಿಗೆ ಕಾಯಲು ನಿಲ್ಲಿಸಿದ್ದ ಕೋಲನ್ನು ಕಿತ್ತುಕೊಂಡೆ. ಕೋಲು ಅಂದರೆ ಒಂದು ಮೀಟರ್ ಉದ್ದದ ಬಿಳಿ ಪ್ಲಾಸ್ಟಿಕ್ ಪೈಪು. ಅದರ ತುದಿಗೆ ಹರಿದ ಕೊಡೆಯ ಕರಿ ಬಟ್ಟೆ ಕಟ್ಟಿ, ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಕಾಗೆಗಳು ಹತ್ತಿರ ಸುಳಿಯುವುದಿಲ್ಲ. ಹಸಿ ಸಂಡಿಗೆಯ ಜೀರಿಗೆ ವಾಸನೆ ಆಗಲೇ ಬಿಸಿಲಿಗೆ ಏಳತೊಡಗಿತ್ತು. ಕಾಗೆ ಬಂದರೆ ನೀವೇ ಕೈ ಬೀಸುತ್ತ ಕೂರಬೇಕಾಗುತ್ತದೆ ಎಂದು ಹೆಂಡತಿ ಕೆಳಗಿನಿಂದಲೇ ಎಚ್ಚರಿಸಿದಳು. ಬಟ್ಟೆ ಬಿಚ್ಚಿದಾಗ ಅದರಡಿಯಲ್ಲಿ ನೀಲಿ ಸ್ಕೆಚ್ ಪೆನ್ನಿನ ಅಕ್ಷರಗಳು ಇನ್ನೂ ಉಳಿದಿದ್ದವು: 'ಅಪ್ಪ, ಸಿರುಗುಪ್ಪ'.

ಆ ಎರಡು ಪದಗಳನ್ನು ಓದಿ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಎರಡೂ ಯಾಕೆ ಎಂದು ನಿಮಗೆ ಹೇಳಬೇಕಾದರೆ ಆರೇಳು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಮ್ಮ ಸುಮನಾ ಒಂಬತ್ತನೆಯ ತರಗತಿ ಮುಗಿಸಿದ್ದಳು. ಬಳ್ಳಾರಿಯಂಥ ಊರಿನಲ್ಲಿ ಆ ವಯಸ್ಸಿನ ಮಕ್ಕಳ ತಂದೆತಾಯಿಗಳಿಗೆ ಬರುವ ಒಂದು ಕಾಯಿಲೆ ನನಗೂ ಬಂದಿತ್ತು. ಎಲ್ಲಿ ಯಾವ ಶಿಬಿರ ಎಂದು ಗೋಡೆಗೋಡೆ ಓದುತ್ತಿದ್ದೆ. ಅಬಾಕಸ್ ಆಯಿತು, ಕೈಬರಹ ಆಯಿತು, ನೆನಪಿನ ಶಕ್ತಿಯದೊಂದು ಆಯಿತು; ಆ ನೆನಪಿನ ಶಕ್ತಿ ಶಿಬಿರ ಎಲ್ಲಿ ನಡೆದಿತ್ತು ಎಂಬುದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ವ್ಯಕ್ತಿತ್ವ ವಿಕಸನಕ್ಕೆಂದು ಮೂರು ದಿನ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದೆವು. ಎಲ್ಲದಕ್ಕೂ ಬಣ್ಣದ ಅಂಚಿನ ಸರ್ಟಿಫಿಕೇಟು. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ಕಾಗದ ಕಂಡರೆ ಫೈಲು ಮಾಡುವುದು ರಕ್ತಗುಣ. ಆ ಫೈಲು ದಪ್ಪವಾದಂತೆಲ್ಲ ಮಗಳು ಬೆಳೆಯುತ್ತಿದ್ದಾಳೆ ಅಂದುಕೊಂಡಿದ್ದೆ.

ನಿಜ ಏನೆಂದರೆ ಅವಳು ಮೌನವಾಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ಪ್ರಶ್ನೆಗೆ ಹೆದರಿ ನಾನು ಸ್ನಾನದ ಮನೆಯಲ್ಲಿ ಹೆಚ್ಚು ಹೊತ್ತು ಕಳೆದದ್ದುಂಟು. ಬಿಸಿಲಿಗೆ ಬಣ್ಣ ಯಾಕಿಲ್ಲ, ಕೋಟೆ ಗುಡ್ಡದ ಕೆಳಗೆ ಎಷ್ಟು ಕಲ್ಲಿದೆ, ಹೀಗೆ. ಎಂಟನೆಯ ತರಗತಿಯ ಕೊನೆಗೆ ಒಂದು ಕೋಚಿಂಗಿನ ಪ್ರವೇಶ ಪರೀಕ್ಷೆ ಬರೆಸಿದೆ, ಆಯ್ಕೆಯಾಗಲಿಲ್ಲ. ನಾನು ಬೈಯಲಿಲ್ಲ. ಆದರೆ ನಾಲ್ಕು ಜನರ ಎದುರು, "ಇರ್ಲಿ ಬಿಡ್ರಿ, ಅಕಿಗಿ ಲೆಕ್ಕ ಅಷ್ಟಕ್ಕಷ್ಟs" ಅಂದುಬಿಟ್ಟೆ. ಅಂದಿನಿಂದ ಒಂದು ವರ್ಷ ಅವಳು ನನ್ನನ್ನು ಏನೂ ಕೇಳಲಿಲ್ಲ. ಊಟಕ್ಕೆ ಕರೆದರೆ ಬರುವಳು, ಶಿಬಿರಕ್ಕೆ ಕಳಿಸಿದರೆ ಹೋಗುವಳು. ಒಂದು ಪ್ರಶ್ನೆ, ಒಂದೇ ಒಂದು ಪ್ರಶ್ನೆ ಮತ್ತೆ ಕೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಎಲ್ಲ ಶಿಬಿರಗಳಿಗೂ ಕಳಿಸಿದ್ದು ಆ ಆಸೆಗೇ ಎಂದು ಈಗ ಅನ್ನಿಸುತ್ತದೆ.

ಹಾಗಿರುವಾಗ ಅವಳ ಶಾಲೆಯಿಂದ ಒಂದು ಕರೆ ಬಂತು. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ನಡೆಸುವ ಕಾರ್ಯಕ್ರಮ. ಮಕ್ಕಳೊಂದಿಗೆ ಪಾಲಕರೂ ಭಾಗವಹಿಸಬೇಕು. ಸಮಯ: ಮೇ ತಿಂಗಳ ಮೊದಲ ವಾರ, ನಡು ಮಧ್ಯಾಹ್ನ, ಬಯಲಿನಲ್ಲಿ. ಬಳ್ಳಾರಿಗೆ ಇರುವುದೇ ಎರಡು ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಆ ಹೊತ್ತಿಗೆ ಇಲ್ಲಿ ನಾಯಿಗಳು ಕೂಡ ಅಂಗಡಿಯ ಕಟ್ಟೆ ಬಿಟ್ಟು ಏಳುವುದಿಲ್ಲ. ನಾನು ಮೇಷ್ಟ್ರಿಗೆ ಕೇಳಿದ ಮೊದಲ ಮಾತು, ಸರ್ಟಿಫಿಕೇಟ್ ಕೊಡುತ್ತೀರಾ ಎಂದು. ಅವರು ನಕ್ಕು, ಕೊಡುವುದಿಲ್ಲ, ಮಜ್ಜಿಗೆ ಕೊಡುತ್ತೇವೆ ಅಂದರು.

ಸಂಗತಿ ಇಷ್ಟೇ. ವರ್ಷಕ್ಕೆ ಎರಡು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆ ಕ್ಷಣ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಮೊದಲು ಬಳ್ಳಾರಿಯಲ್ಲಿ, ಮರುದಿನ ಕುರುಗೋಡಿನಲ್ಲಿ, ಅದರ ಮರುದಿನ ಸಿರುಗುಪ್ಪದಲ್ಲಿ. ನಮ್ಮ ಬಸ್ಸು ಒಂದೂವರೆ ತಾಸಿನಲ್ಲಿ ಮುಟ್ಟುವ ದಾರಿಗೆ ಸೂರ್ಯನಿಗೆ ಎರಡು ದಿನ ಬೇಕು. ಬಳ್ಳಾರಿಯಲ್ಲಿ ನೆರಳು ಇಲ್ಲದಾದ ದಿನ ಸಿರುಗುಪ್ಪದಲ್ಲಿ ಎಷ್ಟು ನೆರಳಿದೆ ಎಂದು ಅಳೆದರೆ, ಎರಡು ಊರಿನ ನೇರ ದೂರದಿಂದ ಇಡೀ ಭೂಮಿಯ ಸುತ್ತಳತೆ ಸಿಗುತ್ತದೆ. ಮಗಳು ಬಳ್ಳಾರಿಯ ಮೈದಾನದಲ್ಲಿ, ಅಪ್ಪ ಸಿರುಗುಪ್ಪದಲ್ಲಿ. ಬ್ರೂಸ್‌ಪೇಟೆಯ ಅಂಗಡಿಯಿಂದ ಒಂದೇ ಪೈಪು ತಂದು ಎರಡು ತುಂಡು ಮಾಡಿಸಿದೆವು. ಅವಳು ಸುಮ್ಮನೆ ಕೂತು ಎರಡರ ಮೇಲೂ ಹೆಸರು ಬರೆದಳು.

ಸಿರುಗುಪ್ಪದಲ್ಲಿ ನನ್ನ ಸಹೋದ್ಯೋಗಿಯ ಮನೆಯ ಮಾಳಿಗೆ ಗೊತ್ತು ಮಾಡಿಕೊಂಡಿದ್ದೆ. ಅವನ ತಾಯಿ ಹನುಮಕ್ಕ ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಪೈಪು ನಿಲ್ಲಿಸಿ, ಗಡಿಯಾರ ನೋಡಿಕೊಂಡು, ಹನ್ನೆರಡು ಹೊಡೆದ ಕೂಡಲೇ ಬಗ್ಗಿ ಅಳೆದೆ. ನೆರಳು ಬೆರಳುದ್ದ ಪಡುವಣಕ್ಕೆ ಬಿದ್ದಿತ್ತು. ಮಧ್ಯಾಹ್ನ ಆಯಿತು, ನನ್ನ ಕೆಲಸ ಮುಗಿಯಿತು ಎಂದು ಎದ್ದೆ. ಹನುಮಕ್ಕ ಕೈಯಾಡಿಸುತ್ತಿದ್ದ ಕಾಯಿಯಿಂದ ತಲೆ ಎತ್ತಲಿಲ್ಲ.

"ಗಡಿಯಾರದಾಗ ಆಗೇತ್ರಿ. ನೆಳ್ಳಿನಾಗ ಇನ್ನೂ ಆಗಿಲ್ಲ."

ಪಾಪ, ಹಳೆಯ ಕಾಲದವರು ಎಂದುಕೊಂಡು ಕೆಳಗಿಳಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಸೋನಾಮಸೂರಿ ಅನ್ನ, ಗಟ್ಟಿ ಮೊಸರು. ಕೈ ತೊಳೆದು, ಮೇಷ್ಟ್ರು ಕೊಟ್ಟ ಹಾಳೆ ಬಿಚ್ಚಿದೆ. ಅದರಲ್ಲಿ ಒಂದಲ್ಲ, ಏಳು ಚೌಕಗಳಿದ್ದವು. ಹನ್ನೆರಡರಿಂದ ಹನ್ನೆರಡೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಅಳೆಯಬೇಕು, ಅತಿ ಗಿಡ್ಡ ನೆರಳೇ ಮಧ್ಯಾಹ್ನದ ನೆರಳು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ದಿನವಿಡೀ ಕಚೇರಿಯಲ್ಲಿ ಬಂದವರಿಗೆಲ್ಲ ಸೂಚನೆ ಓದಿ ಬನ್ನಿ ಎಂದು ಗದರುವವನು ನಾನು. ಮೇಲಕ್ಕೆ ಓಡಿದೆ. ಒಂದು ಗಂಟೆಯಾಗಲು ಹತ್ತು ನಿಮಿಷ. ನೆರಳು ಆಗಲೇ ಮೂಡಣಕ್ಕೆ ಹೊರಳಿ ಉದ್ದವಾಗುತ್ತಿತ್ತು.

ಆಗ ನಾನು ಮಾಡಿದ್ದನ್ನು ಕೇಳಿ ನಗಬೇಡಿ. ನೀವು ಪಿಯುಸಿ ವಿಜ್ಞಾನ ಓದಿದ್ದರೆ ನೀವೂ ಮಾಡಿರುತ್ತೀರಿ. ನಮ್ಮ ಕಾಲದಲ್ಲಿ ಲೋಲಕದ ಪ್ರಯೋಗಕ್ಕೆ ಯಾರೂ ಲೋಲಕ ನೋಡುತ್ತಿರಲಿಲ್ಲ. ಬರಬೇಕಾದ ಉತ್ತರ ಮೊದಲೇ ಗೊತ್ತು. ಅಲ್ಲಿಂದ ಹಿಂದಕ್ಕೆ ನಡೆದು ಅಂಕಿಗಳನ್ನು ತುಂಬುತ್ತಿದ್ದೆವು, ಅನುಮಾನ ಬಾರದಿರಲಿ ಎಂದು ಒಂದೆರಡು ಕಡೆ ಚೂರು ತಪ್ಪಿಸುತ್ತಿದ್ದೆವು. ಆ ವಿದ್ಯೆ ಇಪ್ಪತ್ತೈದು ವರ್ಷದ ಮೇಲೆ ಕೈಗೆ ಬಂತು. ಮೊಬೈಲಿನಲ್ಲಿ ಭೂಮಿಯ ಸುತ್ತಳತೆ ನೋಡಿದೆ, ಹಿಂದಕ್ಕೆ ಲೆಕ್ಕ ಹಾಕಿದೆ, ಏಳೂ ಚೌಕ ತುಂಬಿದೆ. ಈ ಸಲವಾದರೂ ಅವಳು ಗೆಲ್ಲಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಫೋನಿನಲ್ಲಿ ಅಂಕಿ ಹೇಳುವಾಗ ನನ್ನ ಧ್ವನಿ ಎಷ್ಟು ಗಟ್ಟಿಯಾಗಿತ್ತೆಂದರೆ ನನಗೇ ನಂಬಿಕೆ ಬಂತು.

ಬಳ್ಳಾರಿಯಲ್ಲಿ ಎಲ್ಲರ ಭೂಮಿಗಳನ್ನೂ ಹಲಗೆಯ ಮೇಲೆ ಬರೆದರಂತೆ. ಯಾರದೋ ಭೂಮಿ ಕುಂಬಳಕಾಯಿಯಂತೆ ಊದಿತ್ತು, ಯಾರದೋ ಬಡಕಲಾಗಿತ್ತು. ಸುಮನಾಳದು ಪಠ್ಯಪುಸ್ತಕಕ್ಕೆ ಕೂದಲೆಳೆಯ ಸಮೀಪ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸಂಜೆ ನಾನು ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದು, ನನ್ನ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಎರಡು ಹಾಳೆಗಳನ್ನೂ ಮುಂದಿಟ್ಟುಕೊಂಡು ಕೂತಳು. ಅವಳ ಹಾಳೆಯಲ್ಲಿ ಅಳಿಸಿದ ಗುರುತು, ಬೆವರಿನ ಕಲೆ. ನನ್ನದು ಇಸ್ತ್ರಿ ಮಾಡಿದಂತಿತ್ತು. ತಲೆ ಎತ್ತಿ ನನ್ನನ್ನೇ ನೋಡಿದಳು.

"ಅಪ್ಪಾ, ಖರೇ ಹೇಳ್ರಿ. ಅಳದೀರೋ, ಲೆಕ್ಕ ಹಾಕೀರೋ?"

ಒಂದು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಬಂದಿತ್ತು, ಬಂದು ನೇರ ನನ್ನ ಎದೆಗೇ ಮುಟ್ಟಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಲೆಕ್ಕ ಅಷ್ಟಕ್ಕಷ್ಟೇ ಎಂದು ನಾನು ಅಂದಿದ್ದ ಹುಡುಗಿ ನನ್ನ ಲೆಕ್ಕವನ್ನು ಒಂದೇ ನೋಟಕ್ಕೆ ಹಿಡಿದಿದ್ದಳು. ಲೆಕ್ಕ ಹಾಕಿದೆ ಎಂದು ಒಪ್ಪಿಕೊಂಡೆ. ನಿನ್ನ ಬಗ್ಗೆ ಆವತ್ತು ಆಡಿದ ಮಾತೂ ಹೀಗೇ, ಅಳೆಯದೆ ಆಡಿದ್ದು ಅಂತಲೂ ಅಂದೆ. ಮರುದಿನ ಅವಳು ನನ್ನನ್ನೂ ಕರೆದುಕೊಂಡು ಹೋಗಿ ಮೇಷ್ಟ್ರೆದುರು ವಿಷಯ ಹೇಳಿ, ಹಲಗೆಯ ಮೇಲಿನ ತನ್ನ ಅಂಕಿಯನ್ನು ತಾನೇ ಒರೆಸಿದಳು. ನಾನು ಬಾಗಿಲ ಬಳಿ ಚಪ್ಪಲಿ ಹುಡುಕುವವನಂತೆ ನಿಂತಿದ್ದೆ.

ಮೇಷ್ಟ್ರು ನನ್ನ ಕಡೆ ತಿರುಗಿ, "ನಿಮ್ಮ ಭೂಮಿ ಭಾಳ ಚಂದ ಬಂದಿತ್ರಿ, ಅದಕ್ಕs ನನಗೂ ಸಂಶಯ ಇತ್ತು" ಅಂದರು. ಸಿರುಗುಪ್ಪದ ಸರದಿ ಮರುದಿನವಿತ್ತು. ಅಲ್ಲಿ ನೆರಳು ಇಲ್ಲವಾದಾಗ ಬಳ್ಳಾರಿಯಲ್ಲಿ ತಾವೇ ಅಳೆಯುವುದಾಗಿ ಹೇಳಿ, ಅಪ್ಪ ಮಗಳು ಇಬ್ಬರೂ ಹೋಗಿ ಬನ್ನಿ ಎಂದು ಕಳಿಸಿದರು.

ಮತ್ತೆ ಅದೇ ಮಾಳಿಗೆ, ಅದೇ ಹನುಮಕ್ಕ. ಹನ್ನೆರಡಾಯಿತು; ಮೂವರೂ ಗಡಿಯಾರದ ಕಡೆ ನೋಡಲಿಲ್ಲ. ಪೈಪಿನ ನೆರಳು ಪಡುವಣದಿಂದ ಒಳಕ್ಕೆ ಸರಿಯುತ್ತಿತ್ತು. ಬೆರಳುದ್ದ ಇದ್ದದ್ದು ಬೆರಳ ಗೆಣ್ಣಷ್ಟಾಯಿತು, ಉಗುರಿನಷ್ಟಾಯಿತು, ಆಮೇಲೆ ಪೈಪು ಅದನ್ನು ನುಂಗಿಬಿಟ್ಟಿತು. ಪೈಪು ನೆಲಕ್ಕೆ ತಾಗಿಯೇ ಇಲ್ಲವೇನೋ, ಬೆಳಕಿನಲ್ಲಿ ಸುಮ್ಮನೆ ನಿಂತಿದೆಯೇನೋ ಅನ್ನಿಸಿತು. ಪಕ್ಕದ ನೀರಿನ ತಂಬಿಗೆಗೂ ನೆರಳಿಲ್ಲ. ಹನುಮಕ್ಕ ಎದ್ದು ನಿಂತರು. ಅವರ ನೆರಳು ಪಾದದ ಸುತ್ತ ಮುದುಡಿಕೊಂಡಿತ್ತು. ನಾಟಿಗೆ ಹೋಗುತ್ತಿದ್ದಾಗ ಊಟದ ಹೊತ್ತು ತಿಳಿಯಲು ನೆರಳನ್ನೇ ನೋಡುತ್ತಿದ್ದರಂತೆ. "ವರ್ಷದಾಗ ಎರಡು ದಿನ ಅದು ಕಾಲಾಗ ಬಂದು ಮಲಗತೈತವ್ವ" ಎಂದು ಸುಮನಾಗೆ ಹೇಳಿದರು, ಮನೆಯ ಹಸುವಿನ ಸುದ್ದಿ ಹೇಳುವಷ್ಟು ಸಲೀಸಾಗಿ.

ನಲವತ್ತೈದು ವರ್ಷ ಈ ಬಿಸಿಲನ್ನು ಬೈದುಕೊಂಡೇ ಬದುಕಿದವನು ನಾನು. ಅಷ್ಟು ದೂರದ ಒಂದು ಬೆಂಕಿ ಈ ಕ್ಷಣ ಸರಿಯಾಗಿ ನಮ್ಮ ಮೂವರ ನೆತ್ತಿಯ ಮೇಲೆ ನಿಂತಿದೆ, ಕಾಲ ಕೆಳಗೆ ಇಡೀ ಭೂಮಿ ದುಂಡಗೆ ಬಾಗಿದೆ, ಅದರ ಬಾಗು ಬಳ್ಳಾರಿಯಲ್ಲಿ ಮೇಷ್ಟ್ರ ಕೋಲಿನ ಬುಡದಲ್ಲಿ ಉಗುರಿನಗಲ ನೆರಳಾಗಿ ಬಿದ್ದಿದೆ. ಇದೆಲ್ಲ ಪ್ರತಿವರ್ಷ ನಡೆದಿತ್ತು, ನಾನು ಫ್ಯಾನಿನ ಕೆಳಗೆ ಮಲಗಿದ್ದೆ. ಕಣ್ಣು ತುಂಬಿ ಬಂದವು. ಪಕ್ಕಕ್ಕೆ ನೋಡಿದರೆ ಸುಮನಾ ಪೈಪನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಬಳ್ಳಾರಿ ಮುಟ್ಟುವವರೆಗೂ ಒಂದಾದ ಮೇಲೊಂದು ಕೇಳುತ್ತಲೇ ಇದ್ದಳು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಅಷ್ಟು ಸಂತೋಷದ ಪ್ರಯಾಣ ನಾನು ಮಾಡಿಲ್ಲ. ನಮ್ಮ ಭೂಮಿ ಪುಸ್ತಕದ ಭೂಮಿಗಿಂತ ಸಾಕಷ್ಟು ದಪ್ಪ ಬಂತು; ಹಲಗೆಯ ಮೇಲೆ ಹಾಗೇ ಬರೆಸಿದೆವು.

ಈಗ ಸುಮನಾ ಇಲ್ಲಿಯೇ ಬಿ.ಎಸ್ಸಿ. ಕೊನೆಯ ವರ್ಷ. ಮೇಷ್ಟ್ರಿಗೆ ವಯಸ್ಸಾಯಿತು, ಕಾರ್ಯಕ್ರಮ ಅವಳು ನಡೆಸುತ್ತಾಳೆ. ಇವತ್ತು ಸಿರುಗುಪ್ಪದ ದಿನ. ಬೆಳಿಗ್ಗೆಯೇ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಬಸ್ಸು ಹತ್ತಿಸಿಕೊಂಡು ಹೋಗಿದ್ದಾಳೆ. ಹೊರಡುವಾಗ ಒಬ್ಬರು ಸರ್ಟಿಫಿಕೇಟಿನ ಬಗ್ಗೆ ನನ್ನನ್ನೇ ಕೇಳಿದರು. ಮಜ್ಜಿಗೆ ಕೊಡುತ್ತಾರೆ ಅಂದೆ. ಬಳ್ಳಾರಿಯ ಅಳತೆಯನ್ನು ಅವಳು ನನಗೆ ಒಪ್ಪಿಸಿದ್ದಾಳೆ. ಹನ್ನೆರಡರಿಂದ ಈ ಮಾಳಿಗೆಯ ಮೇಲೆ ಒಂದು ಕೈಯಲ್ಲಿ ಕಾಗೆ ಓಡಿಸುತ್ತ, ಇನ್ನೊಂದು ಕೈಯಲ್ಲಿ ಅಳತೆಪಟ್ಟಿ ಹಿಡಿದು ಬಗ್ಗಿದ್ದೇನೆ. ಏಳು ಚೌಕಗಳಲ್ಲಿ ನಾಲ್ಕು ತುಂಬಿವೆ. ಐದನೆಯದರ ಹೊತ್ತಿಗೆ ಫೋನು ಬಂತು. ಎಷ್ಟು ಮಿಲಿಮೀಟರ್ ಎಂದು ಕೇಳಿದಳು.

"ಎಂಟೂ ಅಲ್ಲ, ಒಂಬತ್ತೂ ಅಲ್ಲವ್ವ. ಅಂಚು ಮಸಕೈತಿ, ನನಗ ಖಾತ್ರಿ ಇಲ್ಲ."

ಆ ಕಡೆ ಮಕ್ಕಳ ಗದ್ದಲದ ಮೇಲೆ ಅವಳ ದನಿ ಕೇಳಿಸಿತು.

"ಹಂಗs ಬರೀರಿ ಅಪ್ಪಾ."

ಐದನೆಯ ಚೌಕದಲ್ಲಿ 'ಎಂಟು, ಒಂಬತ್ತರ ನಡುವೆ, ಅಂಚು ಮಸಕು, ಖಾತ್ರಿ ಇಲ್ಲ' ಎಂದು ಬರೆದು, ಕೆಳಗೆ ನನ್ನ ರುಜು ಹಾಕಿದೆ.