ಅತಿಥಿಗಳಿಗೆಂದು ಎತ್ತಿಟ್ಟ ಗಾಜು

ನಮ್ಮ ಶಾಲೆಯ ರಸಾಯನಶಾಸ್ತ್ರದ ಕೋಣೆಯಲ್ಲಿ ಕಾಲಿಪಾ ಎಜೆ ಪ್ರತಿ ಶುಕ್ರವಾರ ನೂರಾ ನಲವತ್ತೆರಡು ಗಾಜಿನ ಸಾಮಾನು ತೊಳೆಯುತ್ತಿದ್ದರು. ಅವುಗಳಲ್ಲಿ ಒಂದನ್ನೂ ಯಾರೂ ಬಳಸಿರಲಿಲ್ಲ. ತೊಳೆಯುವುದಕ್ಕಿದ್ದದ್ದು ಬರೀ ಧೂಳು. ಮುಖ್ಯೋಪಾಧ್ಯಾಯರಾದ ತೊಕ್ತಾಲಿ ಅಗಾಯ್ ಕಪಾಟಿನ ಬೀಗ ತೆಗೆದು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ಸಾಮಾನಿನ ಪಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ತೊಳೆದದ್ದೆಲ್ಲ ಒಳಗೆ ಹೋದ ಮೇಲೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಕೋಟಿನ ಒಳಜೇಬಿಗೆ ಹಾಕುತ್ತಿದ್ದರು.

"ಹೆಣಕ್ಕೆ ಸ್ನಾನ ಮಾಡಿಸಿದ ಹಾಗಿದೆ, ಅಗಾಯ್," ಎಂದು ಎಜೆ ಒಂದು ಶುಕ್ರವಾರ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಬಾಯಿ ಬಿಗಿ ಹಿಡಿ, ಕಾಲಿಪಾ. ಆ ಕೊಳವೆ ಹುಷಾರು."

ನಾನು ಇದೇ ಶಾಲೆಯಲ್ಲಿ ಓದಿ, ಈಗ ಇಲ್ಲಿಯೇ ಗಣಿತ ಕಲಿಸುತ್ತೇನೆ. ನಾರಿನ್ ಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಆರು ಕಿಲೋಮೀಟರ್ ಒಳಗಿರುವ ಊರು ನಮ್ಮದು. ಶಾಲೆ ಒಂಬತ್ತನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಪಟ್ಟಣ. ರಸಾಯನಶಾಸ್ತ್ರಕ್ಕೆ ಬೇರೆ ಮೇಷ್ಟರಿಲ್ಲ, ಅದನ್ನು ತೊಕ್ತಾಲಿ ಅಗಾಯ್ ಅವರೇ ಹೇಳಿ ಬರೆಸುತ್ತಾರೆ. ಕಾಲಿಪಾ ಎಜೆ ಪ್ರಯೋಗಾಲಯದ ಸಹಾಯಕಿ. ನಮ್ಮಲ್ಲಿ ಹಿರಿಯ ಹೆಂಗಸನ್ನು ಎಜೆ, ಅಂದರೆ ಅಕ್ಕ, ಎಂದೂ ಮೇಷ್ಟರನ್ನು ಅಗಾಯ್ ಎಂದೂ ಕರೆಯುತ್ತೇವೆ.

ಎಜೆ ಕುರಿ ಕಾಯುವವರ ಮಗಳು. ಅವರು ಓದುವಾಗ ಇದೇ ಕೋಣೆಯಲ್ಲಿ ಏಳನೆಯ ತರಗತಿಯಿಂದಲೇ ಪ್ರತಿ ಇಬ್ಬರಿಗೆ ಒಂದು ಸ್ಪಿರಿಟ್ ದೀಪ ಕೊಡುತ್ತಿದ್ದರಂತೆ. ಆಮ್ಲ ತಾಗಿದ ಕಲೆ ಅವರ ಎಡಗೈ ಹೆಬ್ಬೆರಳ ಮೇಲೆ ಇನ್ನೂ ಇದೆ. ಆಮೇಲೆ ಎರಡು ವರ್ಷ ತಾಂತ್ರಿಕ ಶಾಲೆ, ಐದು ವರ್ಷ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ. ದಿನಕ್ಕೆ ನಲವತ್ತು ಮಾದರಿಗಳನ್ನು ಅಳೆಯುತ್ತಿದ್ದ ಕೈ ಅದು. ನಾವು ಸೇರಿದ್ದ ದೊಡ್ಡ ಒಕ್ಕೂಟದ ದೇಶ ಒಡೆದಾಗ ಕಾರ್ಖಾನೆಯೂ ಮುಚ್ಚಿತು. ಎಜೆ ಊರಿಗೆ ಬಂದರು. ಬಂದು ನೋಡಿದರೆ ಶಾಲೆಯ ಕಪಾಟಿನಲ್ಲಿ ಒಂದು ಲೋಟವೂ ಇರಲಿಲ್ಲ. ಬೀಕರುಗಳಲ್ಲಿ ಜನ ಚಹಾ ಕುಡಿಯುತ್ತಿದ್ದರು, ದೊಡ್ಡ ಫ್ಲಾಸ್ಕಿನಲ್ಲಿ ಯಾರದೋ ಮನೆಯ ಸೌತೆಕಾಯಿ ಉಪ್ಪಿನಲ್ಲಿ ನೆನೆಯುತ್ತಿತ್ತು. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ತೊಕ್ತಾಲಿ ಅಗಾಯ್ ಮನೆಮನೆಗೆ ಹೋಗಿ ವಾಪಸು ಕೇಳಿ ಬೈಸಿಕೊಂಡಿದ್ದರು. ಗಾಜು ಮತ್ತೆ ಕೈತಪ್ಪೀತೆಂಬ ಅವರ ಭಯಕ್ಕೂ ಕಾರಣವಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ನಾಲ್ಕು ವರ್ಷದ ಹಿಂದೆ ಹನ್ನೊಂದು ಪೆಟ್ಟಿಗೆ ಹೊಸ ಸಾಮಾನು ಬಂತು. ರಿಬ್ಬನ್ ಕತ್ತರಿಸಿದರು, ಕುರಿ ಕಡಿದರು, ಫೋಟೋ ತೆಗೆದರು. ಎಜೆ ಪ್ರತಿಯೊಂದಕ್ಕೂ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಒಂದು ಪ್ರನಾಳ ಒಡೆದರೂ ಮೂವರ ಸಹಿಯ ಪತ್ರ ಬರೆಯಬೇಕೆಂಬ ನಿಯಮವಿದ್ದದ್ದರಿಂದ ಎಲ್ಲವೂ ಅದೇ ಸಂಜೆ ಬೀಗದೊಳಗೆ ಹೋಯಿತು. ಊರಿನಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ನಮ್ಮ ಮನೆಗಳಲ್ಲಿ ಬಾಗಿಲ ಎದುರು ಪೆಟ್ಟಿಗೆಯ ಮೇಲೆ ಕೌದಿಗಳನ್ನು ಸೂರು ಮುಟ್ಟುವಂತೆ ಪೇರಿಸಿರುತ್ತೇವೆ. ರೇಷ್ಮೆಯ ಅಂಚಿನವು, ಉಣ್ಣೆ ತುಂಬಿದವು, ಎಲ್ಲವೂ ಅತಿಥಿಗಳಿಗೆ. ಮನೆಯ ಮಕ್ಕಳು ಸವೆದ ಕಂಬಳಿಯ ಮೇಲೆ ಮಲಗುತ್ತವೆ. ಶಾಲೆಯೂ ಹಾಗೆಯೇ ಮಾಡಿತು. ತನಿಖೆಗೆ ಬಂದವರಿಗೆ ಕಪಾಟು ತೆರೆದು ತೋರಿಸುವುದು, ಅವರು ತಲೆಯಾಡಿಸುವುದು, ಮುಚ್ಚುವುದು. ನನ್ನ ತರಗತಿ ಪಕ್ಕದ ಕೋಣೆಯಲ್ಲೇ ಇತ್ತು. ನಾನೂ ನಾಲ್ಕು ವರ್ಷ ಏನನ್ನೂ ಕೇಳಲಿಲ್ಲ.

ಕಾಲಿಪಾ ಎಜೆ ಕೇಳುವಂತೆ ಮಾಡಿದ್ದು ನಮ್ಮ ವಿದ್ಯಾರ್ಥಿನಿ ಸೈಕಾಲ್. ಎರಡು ವರ್ಷದ ಹಿಂದೆ ಅವಳು ಪಟ್ಟಣದ ವಿಜ್ಞಾನ ಶಾಲೆಯ ಪ್ರವೇಶ ಪರೀಕ್ಷೆಗೆ ಹೋದಳು. ಬರವಣಿಗೆಯಲ್ಲಿ ಐವತ್ತಕ್ಕೆ ನಲವತ್ತೇಳು. ಮಧ್ಯಾಹ್ನ ಪ್ರಯೋಗ. ಅವಳ ಮುಂದೆ ಬ್ಯೂರೆಟ್ ಇಟ್ಟರು: ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆ, ತುದಿಯಲ್ಲಿ ಪುಟ್ಟ ನಲ್ಲಿ. ಅದರ ಚಿತ್ರವನ್ನು ಅವಳು ಕಣ್ಣು ಮುಚ್ಚಿ ಬಿಡಿಸಬಲ್ಲವಳಾಗಿದ್ದಳು. ಆದರೆ ನಲ್ಲಿ ಯಾವ ಕಡೆ ತಿರುಗುತ್ತದೆಂದು ಗೊತ್ತಿರಲಿಲ್ಲ. ಆಮ್ಲವೆಲ್ಲ ಮೇಜಿನ ಮೇಲೆ ಹರಿಯಿತು. ಪ್ರಯೋಗಕ್ಕೆ ಸೊನ್ನೆ. ಈಗ ಅವಳು ಹೆದ್ದಾರಿಯ ಪಕ್ಕದಲ್ಲಿ ಒಣಮೊಸರಿನ ಉಂಡೆ ಮಾರುತ್ತಾಳೆ.

ಈ ವರ್ಷ ಅದೇ ಪರೀಕ್ಷೆಗೆ ಅವಳ ತಂಗಿ ಗುಲ್‌ಬರ್ಚಿನ್ ಹೆಸರು ಕೊಟ್ಟಳು. ಪರೀಕ್ಷೆ ಮೇ ಇಪ್ಪತ್ತೈದಕ್ಕೆ. ಏಪ್ರಿಲ್ ಮೊದಲ ಸೋಮವಾರ ಕಾಲಿಪಾ ಎಜೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಲೆಂದು ನಾನೂ ಅಲ್ಲಿದ್ದೆ.

"ಅಗಾಯ್, ಕೀಲಿ ಕೊಡಿ. ಹುಡುಗಿಗೆ ಕೈ ಪಳಗಬೇಕು."

"ಮೇ ಹನ್ನೆರಡಕ್ಕೆ ತನಿಖೆಯವರು ಬರ್ತಾರೆ. ಅವರು ನೋಡಿಕೊಂಡು ಹೋಗಲಿ, ಆಮೇಲೆ ನೋಡೋಣ."

"ಹೋದ ವರ್ಷಾನೂ 'ಆಮೇಲೆ' ಅಂದ್ರಿ. ನಿಮ್ಮ ಆಮೇಲೆಗೆ ಗಡ್ಡ ಬಂದಿದೆ."

"ಒಂದು ಒಡೆದ್ರೆ ಯಾರು ಬರೀತಾರೆ ಪತ್ರ? ನಿಮ್ಮಪ್ಪನಾ?"

"ನಾನು ಬರೀತೀನಿ. ನೂರಾ ನಲವತ್ತೆರಡೂ ಒಡೀಲಿ, ನೂರಾ ನಲವತ್ತೆರಡು ಪತ್ರ ಬರೀತೀನಿ. ಸೈಕಾಲ್ ಒಡೆದು ಹೋದಳಲ್ಲ, ಅದಕ್ಕೆ ಪತ್ರ ಬರೆದ್ರಾ?"

ಅಗಾಯ್ ಮುಖ ಕೆಂಪಾಯಿತು. "ಹೊರಗೆ ನಡಿ," ಎಂದರು. ಎಜೆ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡರೆಂದರೆ ಗೋಡೆಯ ಮೇಲಿನ ಭೂಪಟ ಒಂದು ಮೊಳೆಯಿಂದ ಕಳಚಿ ನೇತಾಡಿತು.

ಕೀಲಿ ಸಿಗದ ಆರು ವಾರ ಅವರು ಸುಮ್ಮನಿರಲಿಲ್ಲ. ಆಸ್ಪತ್ರೆಯ ಡ್ರಿಪ್ ಕೊಳವೆ ಬೇಡಿ ತಂದು, ಅದರ ಚಕ್ರ ತಿರುಗಿಸುತ್ತಾ ನೀರನ್ನು ಹನಿಹನಿಯಾಗಿ ಬಿಡುವುದನ್ನು ಗುಲ್‌ಬರ್ಚಿನ್‌ಗೆ ಕಲಿಸಿದರು. ಹುಡುಗಿ ಚುರುಕಾಗಿದ್ದಳು, ಸಿಡುಕಿಯೂ ಆಗಿದ್ದಳು.

"ಎಜೆ, ಇದು ಬ್ಯೂರೆಟ್ ಅಲ್ಲ, ನಮ್ಮಜ್ಜಿಗೆ ಹಾಕಿದ್ದ ಡ್ರಿಪ್ಪು."

"ಗೊತ್ತು. ನನಗೆ ಕಣ್ಣಿಲ್ವಾ? ಹನಿ ಎಣಿಸು."

"ಪರೀಕ್ಷೆಯಲ್ಲಿ ಇದನ್ನ ಕೊಡಲ್ಲ."

"ಕೊಡಲ್ಲ. ಅದಕ್ಕೇ ನನಗೆ ಉರಿಯೋದು. ಎಣಿಸು!"

ಮೇ ಹನ್ನೆರಡರ ಪ್ರದರ್ಶನ ಪಾಠವನ್ನು ಅಗಾಯ್ ಹತ್ತು ದಿನ ಮೊದಲೇ ಸಾಲು ಸಾಲಾಗಿ ಬರೆದಿಟ್ಟಿದ್ದರು. ಬ್ಯೂರೆಟ್ಟಿನಲ್ಲಿ ಬರೀ ನೀರು, ಕೆಳಗಿನ ಫ್ಲಾಸ್ಕಿನಲ್ಲಿ ಬೀಟ್‌ರೂಟಿನ ಬಣ್ಣದ ನೀರು. ಗುಲ್‌ಬರ್ಚಿನ್ ಪಕ್ಕದಲ್ಲಿ ನಿಂತು ಕೋಲಿನಿಂದ ತೋರಿಸುತ್ತಾ ವಿವರಣೆಯನ್ನು ಒಪ್ಪಿಸಬೇಕು. "ಮುಟ್ಟಬೇಡ, ತೋರಿಸು," ಎಂದು ಅಭ್ಯಾಸದಲ್ಲಿ ನಾಲ್ಕು ಸಲ ಹೇಳಿದರು. ಪಾಠ ಮುಗಿಯುತ್ತಲೇ ಪಕ್ಕದ ಕೋಣೆಯಲ್ಲಿ ಅತಿಥಿಗಳಿಗೆ ಊಟ. ಎರಡು ಕುರಿಯ ಮಾಂಸ, ಅದರ ಸಾರಿನಲ್ಲಿ ಬೇಯಿಸಿದ ಶಾವಿಗೆ.

ಆ ಬೆಳಿಗ್ಗೆ ಸಾಮಾನು ಜೋಡಿಸಲು ಕೀಲಿ ಎಜೆಯ ಕೈಗೆ ಬಂತು. ಅವರು ಆಮ್ಲ ತುಂಬಿ ಬಾಯಿ ಬೆಸೆದ ಪುಟ್ಟ ಗಾಜಿನ ಆಂಪೂಲ್ ಒಡೆದು, ಅಳತೆಗೆ ನೀರು ಬೆರೆಸಿ ಹೊಸ ಆಮ್ಲ ತಯಾರಿಸಿ ಬ್ಯೂರೆಟ್ಟಿಗೆ ತುಂಬಿದರು. ಪೆಟ್ಟಿಗೆಯಲ್ಲಿ ಬಂದಿದ್ದ ಕ್ಷಾರದ ಬಾಟಲಿಯನ್ನೂ ಬಣ್ಣ ತೋರಿಸುವ ಸೂಚಕ ದ್ರಾವಣವನ್ನೂ ಹೊರಗೆ ತೆಗೆದರು. ಬೀಟ್‌ರೂಟಿನ ನೀರನ್ನು ಕಿಟಕಿಯಿಂದ ಚೆಲ್ಲಿದರು. ಯಾರಿಗೂ ಹೇಳಲಿಲ್ಲ, ಗುಲ್‌ಬರ್ಚಿನ್‌ಗೂ.

ತನಿಖೆಗೆ ಬಂದದ್ದು ಮೂವರು. ಅವರಲ್ಲಿ ದಾರಿಖಾನ್ ಎಂಬ ಹೆಂಗಸು ರಸಾಯನಶಾಸ್ತ್ರದವರು, ಇನ್ನಿಬ್ಬರ ಕಣ್ಣು ಆಗಲೇ ಮಾಂಸದ ವಾಸನೆಯ ಕಡೆಗಿತ್ತು. ಗುಲ್‌ಬರ್ಚಿನ್ ಕೋಲು ಹಿಡಿದು ಶುರು ಮಾಡಿದಳು: "ಗೊತ್ತಿರುವ ಪ್ರಬಲತೆಯ ಆಮ್ಲವನ್ನು ಹನಿಹನಿಯಾಗಿ ಬಿಟ್ಟು..."

"ಹೇಳಿದ್ದು ಸಾಕು," ಎಂದು ಹಿಂದಿನಿಂದ ಎಜೆ ಹೇಳಿದರು. "ಮಾಡು."

ಅಗಾಯ್ ನಕ್ಕರು, ಆದರೆ ಹಲ್ಲು ಮಾತ್ರ ಕಾಣಿಸಿತು. "ಕಾಲಿಪಾ ಎಜೆ ತಮಾಷೆಯವರು. ಮುಂದುವರಿಸು, ಮಗಳೇ."

"ತಮಾಷೆ ಅಲ್ಲ. ಅದರೊಳಗಿರೋದು ನಿಜವಾದ ಆಮ್ಲ. ಮಾಡು, ಬರ್ಚಿನ್."

"ಮಾಡಲಿ ಬಿಡಿ," ಎಂದರು ದಾರಿಖಾನ್.

ಹುಡುಗಿ ಹತ್ತು ಮಿಲಿಲೀಟರ್ ಕ್ಷಾರವನ್ನು ಅಳೆದು ಫ್ಲಾಸ್ಕಿಗೆ ಹಾಕಿದಳು, ಎರಡು ಹನಿ ಸೂಚಕ ಬಿಟ್ಟಳು. ಕಡುಗುಲಾಬಿ ಬಣ್ಣ ಬಂತು. ಬ್ಯೂರೆಟ್ಟಿನ ನಲ್ಲಿಗೆ ಕೈ ಹಾಕಿ ತಿರುಗಿಸಿದಳು. ಪೂರ್ತಿ ತೆರೆದುಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಹೋಯಿತು. ಆಮ್ಲ, ಕ್ಷಾರ ಎರಡರ ಪ್ರಬಲತೆಯೂ ಒಂದೇ ಆದ್ದರಿಂದ ಹತ್ತಕ್ಕೆ ನಿಲ್ಲಬೇಕಾದ ಅಳತೆ ಹತ್ತೊಂಬತ್ತು ದಾಟಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ನಾನು ಎಜೆಯ ಮುಖ ನೋಡಿದೆ. ಅವರು ಹುಡುಗಿಯನ್ನು ನೋಡುತ್ತಿರಲಿಲ್ಲ, ಅಗಾಯ್ ಅವರನ್ನು ನೋಡುತ್ತಿದ್ದರು.

"ನೋಡಿದ್ರಾ? ಇದೇ ಆಗ್ತಿತ್ತು ಇಪ್ಪತ್ತೈದಕ್ಕೆ. ಅವಳಕ್ಕನಿಗೆ ಆದದ್ದೂ ಇದೇ. ಅತಿಥಿಗಳಿಗೆ ಅಂತ ಎತ್ತಿಟ್ರಿ. ಬಂದಿದ್ದಾರಲ್ಲ ಅತಿಥಿಗಳು, ಕೇಳಿ, ಇವರಲ್ಲಿ ಯಾರಿಗೆ ಬೇಕು ಬ್ಯೂರೆಟ್? ಮತ್ತೆ ಮಾಡು, ಮಗಳೇ. ನಲ್ಲಿಯನ್ನ ಎಡಗೈಲಿ ಹಿಡಿ, ಬಲಗೈಲಿ ಫ್ಲಾಸ್ಕ್ ಆಡಿಸು."

ಎರಡನೆಯದಕ್ಕೆ ಎಂಟು ಪಾಯಿಂಟ್ ಆರು. ಮೂರನೆಯದಕ್ಕೆ ಹನಿಗಳು ಒಂದೊಂದಾಗಿ ಬಿದ್ದವು. ಕೊನೆಯ ಹನಿಗೆ ಗುಲಾಬಿ ಮಾಯವಾದಾಗ ಅಳತೆ ಏಳು ಪಾಯಿಂಟ್ ನಾಲ್ಕು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

"ಮಾಂಸ ಆರಿ ಹೋಗ್ತಿದೆ," ಎಂದು ಅಗಾಯ್ ಅತಿಥಿಗಳಿಗೆ ಮೆಲ್ಲಗೆ ಹೇಳಿದರು. ಹಾಗೆ ಹೇಳಿದ್ದು ಅವರಿಗೆ ಅವಮಾನದ ಮಾತೇ. ನಮ್ಮಲ್ಲಿ ಅತಿಥಿಯ ಮುಂದೆ ತಣ್ಣಗಾದ ಮಾಂಸ ಇಟ್ಟವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ನಾಲ್ಕನೆಯದು ಏಳು ಪಾಯಿಂಟ್ ಮೂರು. ಐದನೆಯದು ಮತ್ತೆ ಏಳು ಪಾಯಿಂಟ್ ನಾಲ್ಕು.

ಅಗಾಯ್‌ಗೆ ದಾರಿ ಸಿಕ್ಕಿತು. "ಹತ್ತು ಬರಬೇಕಿತ್ತು. ಬಾಟಲಿಯ ಮೇಲೆ ಪ್ರಬಲತೆ ಬರೆದಿದೆ. ಲೆಕ್ಕ ನನಗೂ ಗೊತ್ತು. ಅಭ್ಯಾಸವಿಲ್ಲದ ಕೈ, ತಪ್ಪು ಮಾಡಿದೆ, ಕ್ಷಮಿಸಬೇಕು."

ಗುಲ್‌ಬರ್ಚಿನ್ ತಲೆ ತಗ್ಗಿಸಲಿಲ್ಲ. "ತಪ್ಪಿದ್ರೆ ಒಂದೊಂದು ಸಲ ಒಂದೊಂದು ಥರ ಬರ್ತಿತ್ತು, ಅಗಾಯ್. ಮೂರು ಸಲ ಹೆಚ್ಚುಕಡಿಮೆ ಒಂದೇ ಬಂದಿದೆ. ನನ್ನ ಕೈ ಸರಿ ಇದೆ. ಬಾಟಲಿ ಸರಿ ಇಲ್ಲ."

ದಾರಿಖಾನ್ ಎದ್ದು ಹೋಗಿ ಬಾಟಲಿಯನ್ನು ಎತ್ತಿ ನೋಡಿದರು. ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿತ್ತು, ಕತ್ತಿನ ಸುತ್ತ ಬಿಳಿ ಪುಡಿ ಕಟ್ಟಿತ್ತು. ನಾಲ್ಕು ವರ್ಷ ಕಪಾಟಿನೊಳಗೆ ನಿಂತು ಗಾಳಿ ಕುಡಿದು, ಕ್ಷಾರದ ಅರ್ಧಭಾಗ ಬೇರೆಯೇ ಲವಣವಾಗಿತ್ತು. "ಹುಡುಗಿ ಹೇಳಿದ್ದು ನಿಜ," ಎಂದರು. "ಇದನ್ನ ಒಂದು ಸಲವಾದ್ರೂ ಬಳಸಿದ್ರೆ ಮೊದಲೇ ತಿಳೀತಿತ್ತು."

ಎಜೆಯ ಕೋಪ ಇಳಿಯುತ್ತದೆಂದು ನಾನು ಎಣಿಸಿದ್ದೆ. ಅದು ಏರಿತು. ಬಾಟಲಿ ಕಿತ್ತುಕೊಂಡು ಅಗಾಯ್ ಮುಂದೆ ಹಿಡಿದರು. "ಮಕ್ಕಳಿಗೆ ಕೊಡದೆ ಕಾದಿಟ್ರಲ್ಲ, ಯಾರಿಗೆ ಉಳೀತು? ಹೇಳಿ. ಯಾರಿಗೆ?"

ಅತಿಥಿಗಳು ಆ ದಿನ ತಣ್ಣಗಿನ ಮಾಂಸ ತಿಂದರು. ಮರುದಿನ ಅಗಾಯ್ ಎಜೆಯಿಂದ ವಿವರಣೆ ಪತ್ರ ಕೇಳಿದರು. ಅಪ್ಪಣೆಯಿಲ್ಲದೆ ರಾಸಾಯನಿಕ ಬಳಸಿದ್ದಕ್ಕೆ, ಅತಿಥಿಗಳ ಮುಂದೆ ಮುಖ್ಯೋಪಾಧ್ಯಾಯರನ್ನು ಅವಮಾನಿಸಿದ್ದಕ್ಕೆ. ಎಜೆ "ಬರೀತೀನಿ, ಪರೀಕ್ಷೆ ಮುಗೀಲಿ" ಎಂದರು. ಕೀಲಿಯನ್ನು ವಾಪಸು ಕೊಡಲಿಲ್ಲ. ಹನ್ನೆರಡು ದಿನ ಶಾಲೆ ಬಿಟ್ಟ ಮೇಲೆ ಗುಲ್‌ಬರ್ಚಿನ್ ಆ ಕೋಣೆಯಲ್ಲಿದ್ದಳು. ಎರಡು ಪ್ರನಾಳ, ಒಂದು ಫ್ಲಾಸ್ಕ್ ಒಡೆದವು. ಮೂರಕ್ಕೂ ಎಜೆ ಪತ್ರ ಬರೆದರು. ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಜೂನ್ ಎಂಟಕ್ಕೆ ಪಟ್ಟಿ ಬಂತು. ಇಪ್ಪತ್ತು ಜನರಲ್ಲಿ ಗುಲ್‌ಬರ್ಚಿನ್ ಏಳನೆಯವಳು. ಪ್ರಯೋಗಕ್ಕೆ ಇಪ್ಪತ್ತಕ್ಕೆ ಹತ್ತೊಂಬತ್ತು.

ಅಗಾಯ್ ಮಿಠಾಯಿ ಹಿಡಿದುಕೊಂಡು ಸಿಬ್ಬಂದಿ ಕೋಣೆಗೆ ಬಂದರು. ನಿಜವಾಗಿಯೂ ಸಂತೋಷಪಟ್ಟಿದ್ದರು, ಕಣ್ಣಲ್ಲಿ ನೀರಿತ್ತು. ಎಜೆ ಆ ಬೆಳಿಗ್ಗೆಯೇ ಬರೆದು ಮೇಜಿನ ಮೇಲಿಟ್ಟಿದ್ದ ವಿವರಣೆ ಪತ್ರವನ್ನು ಎತ್ತಿಕೊಂಡು, "ಇನ್ನು ಇದರ ಅಗತ್ಯವಿಲ್ಲ, ಕಾಲಿಪಾ. ಎಲ್ಲಾ ಒಳ್ಳೇದೇ ಆಯ್ತಲ್ಲ. ಹರಿದು ಹಾಕ್ತೀನಿ," ಎಂದರು.

"ಕೈ ತೆಗೀರಿ!"

ಎಜೆ ಎದ್ದು ಮೇಜಿನ ಬಳಿಗೆ ಬಂದರು.

"ಹರಿದ್ರೆ ಇನ್ನೊಂದು ಬರೀತೀನಿ. ಅದು ಕ್ಷಮಾಪಣೆ ಅಲ್ಲ, ಓದಿ ನೋಡಿ. ಕಪಾಟಿಗೆ ಯಾವತ್ತು ಬೀಗ ಬಿತ್ತು ಅಂತ ತಾರೀಕು ಹಾಕಿದ್ದೀನಿ. ಆವತ್ತಿಂದ ಒಂಬತ್ತನೇ ತರಗತಿ ಮುಗಿಸಿ ಹೋದ ಮಕ್ಕಳ ಹೆಸರು ಬರೆದಿದ್ದೀನಿ. ಅರವತ್ತೊಂದು. ಒಬ್ಬಳು ಪಾಸಾದಳು ಅಂತ ನೀವು ಮಿಠಾಯಿ ಹಂಚ್ತೀರಿ. ಉಳಿದ ಅರವತ್ತು ಮನೆಗೆ ಏನು ಹಂಚ್ತೀರಿ?"

ಅಗಾಯ್ ನಿಂತೇ ಓದಿದರು. ಎರಡು ಹಾಳೆ. ನಡುವೆ ಒಂದು ಕಡೆ ನಿಂತು, ಮತ್ತೆ ಮೊದಲಿನಿಂದ ಓದಿದರು. ಆ ಪಟ್ಟಿಯಲ್ಲಿ ಅವರ ಸ್ವಂತ ಮಗನ ಹೆಸರೂ ಇತ್ತು. ಅವನು ಈಗ ಯಾವುದೋ ದೂರದ ನಗರದಲ್ಲಿ ಗೋಡೆಗೆ ಬಣ್ಣ ಬಳಿಯುತ್ತಾನೆ.

"ಇದನ್ನ ಫೈಲಿಗೆ ಹಾಕಿದ್ರೆ ಮುಂದಿನ ತನಿಖೆಯವರು ಓದ್ತಾರೆ, ಕಾಲಿಪಾ," ಎಂದರು, ದನಿ ತಗ್ಗಿಸಿ.

"ಓದಲಿ ಅಂತಾನೇ ಬರೆದದ್ದು. ನಂಬರು ಹಾಕಿ."

ಅಗಾಯ್ ಪೆನ್ನು ತೆಗೆದು ಪತ್ರದ ಮೂಲೆಯಲ್ಲಿ ನಂಬರು ಬರೆದರು, ತಾರೀಕು ಹಾಕಿದರು, ತಮ್ಮ ಸಹಿಯನ್ನೂ ಹಾಕಿದರು. ಎಜೆ ಪಕ್ಕದಲ್ಲಿ ನಿಂತು, ಅದು ಫೈಲಿನೊಳಗೆ ಹೋಗಿ ದಾರ ಬಿಗಿಯುವವರೆಗೆ ನೋಡಿದರು. ಆಮೇಲೆ ಪ್ರಯೋಗಕ್ಕೆಂದು ಎಂಟನೆಯ ತರಗತಿಯವರು ಕಾಯುತ್ತಿದ್ದಾರೆಂದು ಹೇಳಿ ಹೊರಟುಹೋದರು. ಮಿಠಾಯಿ ತೆಗೆದುಕೊಳ್ಳಲಿಲ್ಲ.